ಕಚೇರಿ ಬಾಗಿನಲ್ಲಿ ತೆಗೆದ ಮುಳ್ಳು

ಈಚೆಗೆ ಬಸವಕಲ್ಯಾಣದ ಪಾರ್ಕಿನಲ್ಲಿ ವಾಚಮನ್ ಒಬ್ಬನ ಜೊತೆ ಜಗಳ ಮಾಡಿ ಬಂದೆ. ನನ್ನ ವಯಸ್ಸಿನವರು ಪಾರ್ಕಿಗೆ ಹೋಗುವುದು ಮೊಣಕಾಲಿನ ಸಲುವಾಗಿ, ಜಗಳದ ಸಲುವಾಗಿ ಅಲ್ಲ. ಆದರೆ ಅವನು ಒಂದು ಜೋಡಿಯನ್ನು ಬೆಂಚಿನಿಂದ ಎಬ್ಬಿಸುತ್ತಿದ್ದ. ಹೆಣ್ಣುಮಗಳ ಕೊರಳಲ್ಲಿ ಹೊಸ ತಾಳಿ, ಅರಿಶಿಣ ಇನ್ನೂ ಆರಿರಲಿಲ್ಲ. ಗಂಡ ಅವಳ ಕೈ ಹಿಡಿದುಕೊಂಡು ಕೂತಿದ್ದ. ಅಪರಾಧ ಅಷ್ಟೇ.

"ಇಂಥಾವೆಲ್ಲ ಇಲ್ಲಿ ನಡ್ಯಂಗಿಲ್ರಿ ಅಮ್ಮಾ. ಇದು ಪಬ್ಲಿಕ್ ಜಾಗಾ ಅದ," ಅಂದ ವಾಚಮನ್.

"ಪಬ್ಲಿಕ್ ಜಾಗಾ ಅಂತನೇ ಬಂದಾರೋ ತಮ್ಮಾ. ಮನ್ಯಾಗ ಇಬ್ಬರಿಗೆ ಕೂಡೋವಷ್ಟು ಜಾಗಾ ಇದ್ದಿದ್ರ ಇಲ್ಲಿಗ್ಯಾಕ ಬರ್ತಿದ್ರು?" ಅಂದೆ.

ಅವನು ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು, ಪೀಪಿ ಊದುತ್ತಾ ಬೇರೆ ಕಡೆ ಹೋದ. ಆ ಜೋಡಿಯೂ ಎದ್ದು ಹೋಯಿತು. ನಾನು ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ನನ್ನ ಸಂಸಾರ ಉಳಿದದ್ದೇ ಅಂಥ ಒಂದು ಬೆಂಚಿನ ಮೇಲೆ. ಅದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮದುವೆಯಾದದ್ದು ನಲವತ್ತೇಳನೆಯ ಇಸವಿಯಲ್ಲಿ. ಹತ್ತೊಂಬತ್ತು ತುಂಬಿತ್ತು, ಆ ಕಾಲಕ್ಕೆ ಅದು ಹೊತ್ತು ಮೀರಿದ ಮದುವೆಯೇ. ಬಸವಕಲ್ಯಾಣವನ್ನು ಆಗ ಬರೀ ಕಲ್ಯಾಣಿ ಅನ್ನುತ್ತಿದ್ದರು. ಕಲ್ಯಾಣಿಯಲ್ಲಿ ಅತ್ತೆಯ ಮನೆ ಅಂದರೆ ಒಂದು ಅಡಿಗೆಮನೆ, ಒಂದು ಪಡಸಾಲೆ, ಹೊರಗೊಂದು ಕಟ್ಟೆ. ಮಾವ ಇರಲಿಲ್ಲ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕಂಡವರ ಮನೆಯ ಜೋಳ ಬೀಸಿ ಒಬ್ಬನೇ ಮಗನನ್ನು ಓದಿಸಿದವರು. ಆ ಮಗ ತಾಯಿಯ ಎದುರು ಕಣ್ಣೆತ್ತಿದ್ದನ್ನು ನಾನು ನೋಡಿಲ್ಲ.

ನಮ್ಮವರು ಹುಮನಾಬಾದಿನ ಕಚೇರಿಯ ಮುಂದೆ ಬೇವಿನ ಮರದ ಬುಡದಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಮೊದಲು ಉರ್ದುವಿನಲ್ಲಿ, ಸರಕಾರ ಬದಲಾದ ಮೇಲೆ ಕನ್ನಡದಲ್ಲೂ. ಹೊಲದ ತಕರಾರು, ಬಾವಿಯ ಪಾಲು, ಕಳೆದುಹೋದ ಎಮ್ಮೆ, ಎಲ್ಲರ ಗೋಳಿಗೂ ಅವರ ಹತ್ತಿರ ಮಾತಿತ್ತು. ತಮ್ಮ ಸ್ವಂತದ ಮಾತು ಬಂತೋ, ಬಾಯಿಗೆ ಬೀಗ. ಶನಿವಾರ ಸಂಜೆ ಕಲ್ಯಾಣಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವರು. ಅಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿ ಇರುತ್ತಿದ್ದರು.

ಗಂಡ ಹೆಂಡತಿ ಹಿರಿಯರ ಎದುರು ಮಾತಾಡುವುದು ಆಗ ನಮ್ಮಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೊಂದು ಬೆಕ್ಕಿತ್ತು. ಅವರು ಬೆಕ್ಕಿಗೆ, "ನಾಳಿ ನಸುಕಿನ್ಯಾಗ ಹೋಗಾಕತ್ತೇನಿ, ರೊಟ್ಟಿ ಬೇಕು" ಅನ್ನುವರು. ನಾನು ಬೆಕ್ಕಿಗೆ, "ಜೋಳದ ಹಿಟ್ಟು ತೀರ್ಯದ, ಯಾರರ ಗಿರಣಿಗೆ ಹೋಗ್ಬೇಕು" ಅನ್ನುವೆ. ಅತ್ತೆ ಕೇಳಿಯೂ ಕೇಳದ ಹಾಗೆ ಬತ್ತಿ ಹೊಸೆಯುತ್ತಿದ್ದರು. ರಾತ್ರಿ ಮಲಗಲು ಅಡಿಗೆಮನೆಯಲ್ಲಿ ನಾನು ಮತ್ತು ಅತ್ತೆ, ಕಟ್ಟೆಯ ಮೇಲೆ ಅವರು. ಎಲ್ಲೋ ಒಮ್ಮೆ ಅತ್ತೆ ಮಠಕ್ಕೆ ಹೋದಾಗ ಸಿಕ್ಕ ಹೊತ್ತೇ ನಮ್ಮ ಸಂಸಾರ.

ಸರಕಾರ ಬದಲಾದ ನಲವತ್ತೆಂಟರ ಗದ್ದಲದಲ್ಲಿ ಆ ಹೊತ್ತೂ ಹೋಯಿತು. ನನ್ನನ್ನು ಅಕ್ಕಲಕೋಟೆಯ ಆಚೆ ತವರಿಗೆ ಕಳಿಸಿದರು. ಅಲ್ಲಿ ಒಂಬತ್ತು ತಿಂಗಳಿದ್ದೆ. ಆಗ ಈ ಕಡೆ ಏನೇನಾಯಿತು ಅನ್ನುವುದನ್ನು ಬರೆಯಲು ನನಗಿಂತ ಹೆಚ್ಚು ಕಂಡವರು, ಹೆಚ್ಚು ಕಳೆದುಕೊಂಡವರು ಇದ್ದಾರೆ. ನಾನು ಮರಳಿ ಬಂದಾಗ ಅತ್ತೆಯೂ ಇದ್ದರು, ಅವರೂ ಇದ್ದರು, ಮನೆಯ ಮೇಲೆ ಸೂರೂ ಇತ್ತು. ನಮ್ಮ ಓಣಿಯಲ್ಲಿ ಎಲ್ಲರಿಗೂ ಅಷ್ಟು ದಕ್ಕಿರಲಿಲ್ಲ. ಆ ಉಪಕಾರವನ್ನು ನಾನು ಇವತ್ತಿಗೂ ದೇವರ ಮುಂದೆ ನೆನೆಯುತ್ತೇನೆ.

ಆದರೆ ಊರ ಹೆಂಗಸರು ಬೇರೆ ಲೆಕ್ಕ ಇಟ್ಟಿದ್ದರು. ಮದುವೆಯಾಗಿ ಮೂರು ವರ್ಷ, ತೊಟ್ಟಿಲಿಲ್ಲ.

ಐವತ್ತರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅತ್ತೆ ಮತ್ತು ನಾನು ಎದುರುಬದುರು ಕೂತು ಬೇಳೆ ಒಡೆಯುತ್ತಿದ್ದೆವು. ಅತ್ತೆ ಬೀಸುಕಲ್ಲಿನ ಗೂಟ ಬಿಡದೆ ಹೇಳಿದರು: "ಕೊಡಂಬಲದಾಗ ಒಂದು ಹುಡುಗಿ ಅದ. ನಿನ್ನ ಮ್ಯಾಲ ಆಕಿನ್ನ ತರ್ಬೇಕಂತ ಮಾಡೀನಿ. ನಿನಗೇನ ಕಡಿಮಿ ಮಾಡಂಗಿಲ್ಲ. ತಂಗಿಯಂಗ ನೋಡ್ಕೊಂಡು ಹೋಗು."

ಕಲ್ಲು ತಿರುಗುತ್ತಲೇ ಇತ್ತು. ನನ್ನ ಕೈ ಅದರ ಜೊತೆ ತಾನಾಗಿಯೇ ಹೋಗುತ್ತಿತ್ತು. "ಅವರೇನಂದ್ರು ಅತ್ತಿ?" ಎಂದು ಕೇಳಿದೆ.

"ಅಂವ ಏನಂತಾನ? ಸುಮ್ಮ ಇದ್ದ. ಸುಮ್ಮ ಇದ್ರ ಹೂಂ ಅಂದಂಗ."

ಆಮೇಲೆ ಮೂರು ಶನಿವಾರ ಅವರು ಬರಲೇ ಇಲ್ಲ. ಹೊಸ ಸರಕಾರಕ್ಕೆ ಊರೆಲ್ಲ ಅರ್ಜಿ ಕೊಡುತ್ತಿದೆ, ಕೆಲಸ ಬಿಟ್ಟು ಬರಲಾಗುವುದಿಲ್ಲ ಎಂದು ಹೇಳಿಕಳಿಸಿದ್ದರು. ನನಗೆ ಅದು ನಂಬಿಕೆಯಾಗಲಿಲ್ಲ. ಒಪ್ಪಿಕೊಂಡಿದ್ದಾರೆ, ನನ್ನ ಮುಖ ನೋಡಲಾಗದೆ ಅಲ್ಲೇ ಉಳಿದಿದ್ದಾರೆ ಅಂತಲೇ ಅನಿಸಿತು. ಅತ್ತೆಯ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅವರ ಮೇಲೆ ಬಂತು. ಹೂಂ ಅನ್ನಲಿ, ಊಹೂಂ ಅನ್ನಲಿ, ಅವರ ಬಾಯಿಂದಲೇ ಕೇಳಬೇಕು ಎಂದು ಹಟ ಹುಟ್ಟಿತು.

ಪಕ್ಕದ ಮನೆಯ ಮುದುಕಿ, ಎಲ್ಲರೂ ಆಯಿ ಅನ್ನುವವಳು, ಹುಮನಾಬಾದಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದಳು. "ಅವರಿಗೆ ಕಂಬಳಿ ಇಲ್ಲ, ಥಂಡಿ ಭಾಳ ಅದ, ಆಯಿ ಸಂಗಟ ಹೋಗಿ ಕೊಟ್ಟು ಬರ್ತೀನಿ" ಎಂದು ಅತ್ತೆಗೆ ಹೇಳಿದೆ. ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಾವೇ ಒಳಗೆ ಹೋಗಿ ಶೇಂಗಾ ಹೋಳಿಗೆ ಮಾಡಿ ರೊಟ್ಟಿಯ ಜೊತೆ ಗಂಟು ಕಟ್ಟಿದರು. ಮಗ ಉಪವಾಸ ಇದ್ದಾನೋ ಏನೋ ಎಂಬ ಚಿಂತೆ ಅವರಿಗೂ ಇತ್ತು.

ಹುಮನಾಬಾದಿನ ಕಚೇರಿಗೆ ಹತ್ತಿಕೊಂಡು ಒಂದು ಬಾಗ್, ಅಂದರೆ ಹೂದೋಟ, ಇತ್ತು. ಹಿಂದಿನ ಯಾವನೋ ಅಧಿಕಾರಿ ಹೂವಿನ ಹುಚ್ಚಿನವನು, ಅವನು ಮಾಡಿಸಿದ್ದು. ಮೆಹಂದಿಯ ಬೇಲಿ, ಮಲ್ಲಿಗೆ ಬಳ್ಳಿ, ಒಂದು ಬಾವಿ, ನಾಲ್ಕು ಕಲ್ಲಿನ ಬೆಂಚು. ಗುರುವಾರ ಹೆಂಗಸರಿಗೆ, ಉಳಿದ ದಿನ ಗಂಡಸರಿಗೆ ಎಂದು ಬಾಗಿಲಲ್ಲಿ ಉರ್ದುವಿನ ತಗಡಿನ ಹಲಗೆ ಹಾಕಿದ್ದರಂತೆ. ಅಂದರೆ ಗಂಡ ಹೆಂಡತಿ ಜೊತೆಯಲ್ಲಿ ಕೂಡಬಹುದಾದ ದಿನ ಆ ಬಾಗಿನ ವಾರದಲ್ಲೇ ಇರಲಿಲ್ಲ. ಸರಕಾರ ಬದಲಾದಾಗ ಹಲಗೆ ಕಿತ್ತು ಹಾಕಿದರು. ಆದರೂ ಜನ ಗುರುವಾರ ಬಿಟ್ಟರೆ ಹೆಂಗಸರನ್ನು ಒಳಗೆ ಕರೆದೊಯ್ಯುತ್ತಿರಲಿಲ್ಲ.

ನಾವು ಹೋದದ್ದು ಬುಧವಾರ. ಬೇವಿನ ಮರದ ಬುಡದಲ್ಲಿ ಅವರ ಸುತ್ತ ಹತ್ತು ಹದಿನೈದು ರೈತರು ಕೂತಿದ್ದರು. ನನ್ನನ್ನು ಕಂಡು ಅವರ ಕೈಯ ಲೇಖನಿ ನಿಂತಿತು. ಎದ್ದು ಬಂದು ನನ್ನನ್ನು ಬಿಟ್ಟು ಆಯಿಗೆ ಹೇಳಿದರು: "ಆಯಿ, ಇಲ್ಲಿ ಭಾಳ ಮಂದಿ ಅದಾರ. ಬಾಗಿನಾಗ ನಡೀರಿ, ಅಲ್ಲೇ ಉಣ್ತೀನಿ."

ಆಯಿ ಜಾಣೆ. ಬಾಗಿಲ ಹತ್ತಿರದ ನೆರಳಿಗೆ ಕೂತುಬಿಟ್ಟಳು. "ನನ್ನ ಕಾಲಿನ್ನ ಏಳಂಗಿಲ್ಲವ್ವಾ. ನೀ ಹೋಗಿ ನೀಡಿ ಬಾ" ಎಂದು ಗಂಟು ನನ್ನ ಕೈಗೆ ಕೊಟ್ಟಳು.

ಸೆರಗು ಹಣೆಯ ತನಕ ಎಳೆದುಕೊಂಡು ಒಳಗೆ ಹೋದೆ. ನಾಲ್ಕೈದು ಗಂಡಸರು ಮಾತು ನಿಲ್ಲಿಸಿ ನೋಡಿದರು. ಅವರು ಬೆಂಚಿನ ಒಂದು ತುದಿಗೆ, ನಾನು ಇನ್ನೊಂದು ತುದಿಗೆ, ನಡುವೆ ಕಂಬಳಿ ಮತ್ತು ರೊಟ್ಟಿಯ ಗಂಟು. ಅವರು ತಲೆ ತಗ್ಗಿಸಿ ಉಂಡರು. ಕೈ ತೊಳೆಯುವ ತನಕ ನಾನು ತಡೆದುಕೊಂಡೆ. ಆಮೇಲೆ ಕೇಳಿದೆ, "ಕೊಡಂಬಲದ ಹುಡುಗಿಗೆ ಹೂಂ ಅಂದೀರೇನು?"

ಅವರು ಬೆರಳಿಗೆ ಹತ್ತಿದ ಮಸಿಯನ್ನು ಧೋತರದ ಅಂಚಿಗೆ ಒರೆಸುತ್ತಾ ಕೂತರು.

"ಊಹೂಂ ಅಂದೀರೇನು?"

ಒರೆಸುವುದನ್ನು ಬಿಟ್ಟು, "ಅವ್ವನ ಮುಂದ ನನ್ನ ನಾಲಗಿ ಹೊಳ್ಳಂಗಿಲ್ಲ" ಅಂದರು. "ಆಕಿ ಕೈಯಾಗಿನ ಗುಳ್ಳಿ ನೋಡೀನಿ ನಾ. ಆಕಿಗೆ ಇಲ್ಲ ಅಂತ ಹ್ಯಾಂಗ ಅನ್ಲಿ?"

ನನಗೆ ಮೈಯೆಲ್ಲ ಉರಿಯಿತು. "ಊರ ಮಂದಿದೆಲ್ಲಾ ಅರ್ಜಿ ಬರೀತೀರಿ. ನನ್ನದೂ ಒಂದು ಬರೀರಿ. ಗಂಡನ ಬಾಯಾಗ ಮಾತಿಲ್ಲ, ಇಕಿನ್ನ ತವರಿಗೆ ಕಳಸ್ರಿ ಅಂತ ಬರೀರಿ. ನಾ ಸಹಿ ಮಾಡ್ತೀನಿ" ಎಂದು ಎದ್ದು ನಿಂತೆ. ಕಣ್ಣೀರು ಕಾಣಬಾರದೆಂದು ಆ ಕಡೆ ತಿರುಗಿದ್ದೆ. ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ.

"ಅಯ್ಯ, ಮುಳ್ಳು ನಟ್ಟಿತೇನು!" ಎಂದು ಅವರು ಕೂಗಿದರು. ಇಡೀ ಬಾಗಿಗೆ ಕೇಳುವಷ್ಟು ಗಟ್ಟಿಯಾಗಿ. ಅವರ ಧ್ವನಿ ಅಷ್ಟು ಏರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ನಾನು ದಿಕ್ಕು ತಪ್ಪಿ ನಿಂತೆ. ಅವರು ನನ್ನ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂಡಿಸಿದರು. ತಾವು ನೆಲದ ಮೇಲೆ ಕೂತರು. ನೆಲದ ಮೇಲೆ, ಅಷ್ಟು ಜನರ ಎದುರು. ನನ್ನ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ದಾರಿಯ ಧೂಳು ಮೆತ್ತಿದ ಬರಿಗಾಲು, ಅವರ ಒಗೆದ ಧೋತರ.

"ನನ್ನ ಕಾಲಾಗ ಏನೂ ಇಲ್ರಿ," ಅಂದೆ, ಪಿಸುಮಾತಿನಲ್ಲಿ.

"ಗೊತ್ತದ. ಸುಮ್ನ ಕೂಡು."

ಅರ್ಜಿಯ ಹಾಳೆ ಕೂಡಿಸಲು ಕೋಟಿನ ಕಾಲರಿಗೆ ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿಕೊಂಡಿರುತ್ತಿದ್ದರು. ಅದನ್ನು ಕಿತ್ತು ನನ್ನ ಹಿಮ್ಮಡಿಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಕೆದರುವವರ ಹಾಗೆ ಮಾಡಿದರು. ಚಳಿಗಾಲದಲ್ಲೂ ಹಣೆಯಿಂದ ಬೆವರು ಇಳಿದು ನನ್ನ ಪಾದದ ಮೇಲೆ ಬಿತ್ತು. ತಲೆ ಎತ್ತದೆ ಹೇಳಿದರು: "ಆ ಬೆಂಚಿನ ಮ್ಯಾಲ ಪಟಕಾ ಸುತ್ಕೊಂಡು ಕುಂತಾರಲ್ಲ, ಅವರು ಆ ಕೊಡಂಬಲದ ಹುಡುಗಿ ಸ್ವಾದರಮಾವ. ಇಲ್ಲೇ ಅಡತಿ ಅಂಗಡಿ ಅದ. ದಿನಾ ಈ ಹೊತ್ತಿಗೆ ಬರ್ತಾರ. ಚಂದಂಗ ನೋಡ್ಲಿ."

ನಾನು ಸೆರಗಿನ ಅಂಚಿನಿಂದ ನೋಡಿದೆ. ಆ ಮನುಷ್ಯ ನಶ್ಯದ ಚಿಟಿಕೆಯನ್ನು ಮೂಗಿನ ಹತ್ತಿರ ಹಿಡಿದವನು ಏರಿಸುವುದನ್ನು ಮರೆತು ಬಾಯಿ ತೆರೆದು ಕೂತಿದ್ದ. ಆಗ ನನಗೆ ತಿಳಿಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತಾಯಿಗೆ ಇಲ್ಲ ಅನ್ನಲಾರದ ಮನುಷ್ಯ, ಹೆಣ್ಣಿನ ಕಡೆಯವರೇ ಇಲ್ಲ ಅನ್ನುವ ಹಾಗೆ ಮಾಡುತ್ತಿದ್ದರು. ಅದಕ್ಕಾಗಿ ಹುಮನಾಬಾದಿನ ಬಾಗಿನಲ್ಲಿ ತಮ್ಮ ಮರ್ಯಾದೆಯನ್ನು ನನ್ನ ಧೂಳುಗಾಲಿನ ಕೆಳಗೆ ಇಟ್ಟಿದ್ದರು.

ನಾಚಿಕೆಯಿಂದ ಸತ್ತೆ ಅಂದರೂ ಸರಿಯೇ. ಕಾಲು ಎಳೆದುಕೊಳ್ಳಬೇಕು ಅನಿಸಿತು. ಎಳೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬಾಗಿನ ಮಾಲಿ ಕಸಬರಿಗೆ ಹಿಡಿದು ಓಡಿ ಬಂದ. ವಯಸ್ಸಾದ ಮುಸಲ್ಮಾನ, ತನ್ನ ಬಾಗಿನ ಮೇಲೆ ಜೀವ ಇಟ್ಟವನು. "ಕಾಂಟಾ? ನಮ್ಮ ಬಾಗಿನಾಗ ಕಾಂಟಾ? ಹ್ಯಾಂಗ ಬರ್ತದ ಸಾಬ್? ದಿನಾ ಎರಡು ದಫಾ ಝಾಡು ಹೊಡೀತೀನಿ. ಎಲ್ಲದ ತೋರಸ್ರಿ!" ಎಂದು ಬಗ್ಗಿ ನಿಂತ.

ನಮ್ಮವರು ಟಾಚಣಿಯ ಕೈಯನ್ನು ದೂರಕ್ಕೆ ಝಾಡಿಸಿದರು. "ಬಂತು ಚಾಚಾ, ಬಂತು. ಒಗದೆ." ಆಮೇಲೆ ನನ್ನ ಪಾದಕ್ಕೆ ಎರಡು ಸಲ ಉಫ್ ಎಂದು ಊದಿದರು. ಮಾಲಿ ಆ ಮುಳ್ಳನ್ನು ಹುಡುಕುತ್ತಾ ಹುಲ್ಲೆಲ್ಲ ಕೆದರಿದ. ಪಾಪ, ಅವನ ಮೇಲೆ ನಾವು ಹೊರಿಸಿದ ಸುಳ್ಳು ಅದು. ಮುಂದೆ ಎಷ್ಟೋ ದಿನ ನಮ್ಮವರ ಸಲಾಮಿಗೆ ಅವನು ಸಲಾಮು ಕೊಡಲಿಲ್ಲವಂತೆ. ಪ್ರತಿ ಹಬ್ಬಕ್ಕೂ ಅವನ ಮನೆಗೆ ಹೋಳಿಗೆ ಕಳಿಸಿದೆ. ಕಾರಣ ಮಾತ್ರ ಹೇಳಲಿಲ್ಲ.

ಆ ರಾತ್ರಿ ಆಯಿಯ ಮಗಳ ಮನೆಯಲ್ಲಿ ಉಳಿದು ಮರುದಿನ ಕಲ್ಯಾಣಿಯ ಬಸ್ಸು ಹತ್ತಿದೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಬರುತ್ತಾ ಬರುತ್ತಾ ಬೆಳೆದೂ ಇತ್ತು. ಮುಳ್ಳು ತೆಗೆದ ಅನ್ನುವುದು ಕಾಲು ತೊಳೆದ ಎಂದಾಗಿ, ನಮ್ಮ ಓಣಿ ಮುಟ್ಟುವಷ್ಟರಲ್ಲಿ ತೊಳೆದ ನೀರನ್ನು ತಲೆಗೆ ಹಚ್ಚಿಕೊಂಡ ಅನ್ನುವ ತನಕ ಹೋಗಿತ್ತು.

ಅತ್ತೆ ಬಾಗಿಲಲ್ಲೇ ಕೂತಿದ್ದರು. ಬಾ ಅನ್ನಲಿಲ್ಲ. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಮೂರನೆಯ ದಿನ ಕೊಡಂಬಲದ ಕಡೆಯ ಹಿರಿಯರೊಬ್ಬರು ಬಂದು, ಕೊಟ್ಟ ನೀರನ್ನೂ ಮುಟ್ಟದೆ, ಕಟ್ಟೆಯ ಮೇಲೆ ನಿಂತೇ ಹೇಳಿದರು: "ತಪ್ಪು ತಿಳೀಬ್ಯಾಡ್ರಿ ತಾಯಿ. ಇದ್ದ ಹೆಣ್ತಿ ಕಾಲು ತೊಡಿ ಮ್ಯಾಲಿಟ್ಕೊಂಡು ಬಾಗಿನಾಗ ಕೂಡೋ ಗಂಡಿಗೆ ನಮ್ಮ ಹುಡುಗಿ ಕೊಟ್ರ, ಆಕಿ ಆ ಮನ್ಯಾಗ ಯಾ ಮೂಲ್ಯಾಗ ಕೂಡಬೇಕ್ರಿ?"

ಅವರು ಹೇಳಿದ್ದು ನ್ಯಾಯವೇ. ಆ ಹುಡುಗಿಯನ್ನು ನಾನು ಕಂಡವಳಲ್ಲ. ಮುಂದೆ ಭಾಲ್ಕಿ ಕಡೆ ಒಳ್ಳೆಯ ಮನೆ ಸೇರಿದಳು, ಮೊಮ್ಮಕ್ಕಳನ್ನು ಕಂಡಳು ಎಂದು ಕೇಳಿದಾಗ ಮನಸ್ಸಿಗೆ ಹಗುರಾಯಿತು. ನನಗೂ ಮಕ್ಕಳಾದವು, ತಡವಾಗಿ. ಆದರೆ ಆ ದಿನ ಅಡಿಗೆಮನೆಯ ಕದದ ಹಿಂದೆ ನಿಂತು ಅತ್ತೆಯ ಬೆನ್ನು ನೋಡುತ್ತಿದ್ದಾಗ ಇದ್ಯಾವುದೂ ಗೊತ್ತಿರಲಿಲ್ಲ. ಸಂಬಂಧ ಮುರಿದ ಸಿಟ್ಟಿಗೆ ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದೇ ತಿಳಿದಿದ್ದೆ. ಗಂಡ ಬೇಕು ಅಂದರೂ ಅತ್ತೆ ಬೇಡ ಅಂದರೆ ಆ ಕಾಲದಲ್ಲಿ ಸೊಸೆಗೆ ನೆಲೆ ಇರಲಿಲ್ಲ.

ಹಿರಿಯರು ಅತ್ತ ಹೋದದ್ದೇ ತಡ, ಓಣಿಯ ಮೂವರು ಹೆಂಗಸರು ಹೆಪ್ಪಿಗೆ ಮಜ್ಜಿಗೆ ಕೇಳುವ ನೆವ ಮಾಡಿಕೊಂಡು ಬಂದರು. ಮೂವರ ಮನೆಯಲ್ಲೂ ಒಂದೇ ದಿನ ಹೆಪ್ಪು ತೀರಿತ್ತು. ಒಬ್ಬಳು ಬಾಯಿಬಿಟ್ಟೇ ಕೇಳಿದಳು: "ಏನ್ರೀ, ನಿಮ್ಮ ಮಗ ಹೆಣ್ತಿಗೆ ಭಾಳ ಬಗ್ಗ್ಯಾನಂತ?"

ಅತ್ತೆ ಅವಳಿಗೆ ಉತ್ತರ ಕೊಡದೆ ನನ್ನನ್ನು ಕೂಗಿದರು: "ಇಲ್ಲಿ ಬಾ. ಯಾ ಕಾಲಿಗಿ ನಟ್ಟಿತ್ತು?"

"ಬಲಗಾಲಿಗ್ರಿ," ಅಂದೆ.

"ಸೂಜಿ ತಾ. ಕೂಡು."

ಪಡಸಾಲೆಯ ನಡುವೆ, ಆ ಮೂವರ ಎದುರು, ಅತ್ತೆ ನನ್ನ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಹಿರಿಯರು ಕಿರಿಯರ ಕಾಲು ಮುಟ್ಟಿದರೆ ಕಿರಿಯರಿಗೆ ಪಾಪ ಅನ್ನುತ್ತಾರೆ. ನಾನು ಎದ್ದೇಳಲು ನೋಡಿದೆ, ಬಿಡಲಿಲ್ಲ. ಬೀಸಿ ಬೀಸಿ ಗುಳ್ಳೆಗಟ್ಟಿದ ಹೆಬ್ಬೆರಳಿನಿಂದ ಹಿಮ್ಮಡಿಯನ್ನು ಒತ್ತಿ ನೋಡಿದರು. ಅಂಗಾಲು ನೋಡಿದರು. ಬೆರಳ ಸಂದಿ ಒಂದೊಂದನ್ನೂ ನೋಡಿದರು. ಒಂದು ಗೀರೂ ಇರಲಿಲ್ಲ.

ಅವರ ಹೆಬ್ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮಗ ಮಾಡಿದ್ದೇನು, ಯಾಕೆ ಮಾಡಿದ ಎಂಬುದೆಲ್ಲ ಆ ಮುಖದಲ್ಲಿ ಒಂದೊಂದಾಗಿ ತಿಳಿಯುತ್ತಾ ಹೋದದ್ದು ನನಗೆ ಕಂಡಿತು. ಒಂದು ಮಾತು ಅವರ ಬಾಯಿಂದ ಬಂದರೆ ಮಗ ಊರಲ್ಲಿ ಸುಳ್ಳ, ನನಗೆ ತವರಿನ ದಾರಿ.

ಅತ್ತೆ ಹೆಂಗಸರ ಕಡೆ ತಿರುಗಿದರು. "ಬಗ್ಗದ ಏನು ಮಾಡ್ತಾನ್ರೆವ್ವಾ? ಎಷ್ಟುದ್ದ ಮುಳ್ಳು ಅಂತೀರಿ! ತುದಿ ಇನ್ನ ಒಳಗೇ ಮುರದದ. ನಂಜಾಗಿದ್ರ ಕಾಲೇ ಹೋಗ್ತಿತ್ತು. ನನ್ನ ಮಗ ಇದ್ದ, ಅದಕ್ಕ ಬದುಕ್ಯಾಳ. ನಿಮ್ಮ ಗಂಡಂದ್ರಾಗಿದ್ರ ನಿಮ್ಮನ್ನ ಅಲ್ಲೇ ಬಿಟ್ಟು ಬರ್ತಿದ್ರು."

ಬೆಲ್ಲ, ಸುಣ್ಣ, ಅರಿಶಿಣ ಕಲಸಿ, ಬಿಸಿ ಮಾಡಿ, ಏನೂ ಆಗದ ನನ್ನ ಹಿಮ್ಮಡಿಗೆ ಮೆತ್ತಿ, ತಮ್ಮ ಹಳೆಯ ಸೀರೆಯ ಅಂಚು ಹರಿದು ಕಟ್ಟಿದರು. ಹೆಂಗಸರು ಮಜ್ಜಿಗೆಯನ್ನೂ ಮರೆತು ಹೋದರು. ಕದ ಮುಂದೆ ಮಾಡಿ ಬಂದ ಅತ್ತೆ ಗೋಡೆಗೆ ಒರಗಿ ಕೂತರು.

"ಬಾಯಿಲೆ ಹೇಳಿದ್ರ ನಾ ಕೇಳ್ತಿದ್ದಿಲ್ಲೇನು?"

ನಾನು ಕಾಲಿನ ಕಟ್ಟನ್ನು ಸರಿಮಾಡಿಕೊಂಡೆ. ಅವರೇ ಅಂದರು, "ಕೇಳ್ತಿದ್ದಿಲ್ಲ ಬಿಡು." ಆಮೇಲೆ ಏಳುತ್ತಾ, "ನಾಕು ದಿನ ಕುಂಟು. ಮಂದಿ ನೋಡ್ತಾರ."

ನಾನು ಕುಂಟಿದೆ. ಎರಡನೆಯ ದಿನ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದೆ. ಕಟ್ಟೆಯ ಮೇಲೆ ಅತ್ತೆ, ಅವರ ಜೊತೆ ಅದೇ ಹೆಂಗಸರು. ಅತ್ತೆ ಧಡಕ್ಕನೆ ಎದ್ದು, ಮೊಣಕಾಲು ಹಿಡಿದುಕೊಂಡು, ಎದುರಿಗೆ ಬಂದು ನನ್ನ ತಲೆಯ ಮೇಲಿನ ಕೊಡವನ್ನು ತಾವು ಇಳಿಸಿಕೊಂಡರು. ಇಳಿಸಿಕೊಳ್ಳುವ ನೆವದಲ್ಲಿ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು:

"ಬಲಗಾಲವ್ವಾ, ಬಲಗಾಲು! ಎಡಗಾಲು ಕುಂಟಾಕತ್ತಿ."

ಒಳಗೆ ಹೋಗಿ ಕೊಡ ಇಳಿಸಿದ ಮೇಲೆ ನಾವಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು, ಹೊರಗೆ ಕೇಳಬಾರದೆಂದು. ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷದ ಮೇಲೆ, ಅತ್ತೆಯೂ ನಾನೂ ಕೂಡಿ ನಕ್ಕದ್ದು ಅದೇ ಮೊದಲು.